ಗೋಕಾಕ ಸೀಮೆಯ ಗುಡ್ಡದ ಹಾದಿಗಳು: ಯಾವ ಸೈಕಲ್ ಸವಾರನಿಗೆ ಯಾವ ದಾರಿ?

ಗೋಕಾಕ: ಜಲಪಾತ ಮತ್ತು ಕರದಂಟಿಗೆ ಹೆಸರಾದ ಗೋಕಾಕದ ಸುತ್ತಲಿನ ಗುಡ್ಡಗಳು ಇದುವರೆಗೆ ಕುರಿಗಾಹಿಗಳಿಗೆ, ಕಟ್ಟಿಗೆ ಆರಿಸುವವರಿಗೆ ಮತ್ತು ಗುಡಿಗೆ ಹೋಗುವ ಭಕ್ತರಿಗೆ ಮಾತ್ರ ಪರಿಚಿತವಾಗಿದ್ದವು. ಗೇರ್ ಇರುವ, ದಪ್ಪ ಟೈರಿನ ಸೈಕಲ್‌ಗಳು ಈಗ ಸಣ್ಣ ಪಟ್ಟಣಗಳ ಅಂಗಡಿಗಳಿಗೂ ಬಂದಿವೆ. ರಸ್ತೆ ಬಿಟ್ಟು ಗುಡ್ಡಕ್ಕೆ ಸೈಕಲ್ ತಿರುಗಿಸುವ ಆಸೆ ಯುವಕರಲ್ಲಿ ಸಹಜವಾಗಿಯೇ ಮೂಡುತ್ತಿದೆ. ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಈ ಆಸೆಗೆ ತಕ್ಕ ನೆಲವೂ ಇದೆ. ಆದರೆ ಯಾವ ದಾರಿ ಕಲಿಯುವವನಿಗೆ, ಯಾವುದು ನುರಿತವನಿಗೆ, ಯಾವುದು ಯಾರಿಗೂ ಸಲ್ಲದು ಎಂಬ ವಿಂಗಡಣೆ ಜನರ ಕೈಗೆ ಸಿಗಬೇಕಾಗಿದೆ. ಗುಡ್ಡದಲ್ಲಿ ಈ ತಿಳಿವಳಿಕೆಯ ಕೊರತೆಗೆ ಕೈಕಾಲು, ಕೆಲವೊಮ್ಮೆ ಜೀವವನ್ನೇ ತೆರಬೇಕಾಗುತ್ತದೆ.

ಈ ಲೇಖನದಲ್ಲಿ ಹೇಳುವ ಹಾದಿಗಳು ಸೈಕಲ್ಲಿಗೆಂದೇ ಕಟ್ಟಿದವಲ್ಲ. ಚಕ್ಕಡಿ ಓಡಾಡಿ ಆದ ದಾರಿ, ದನಕರು ತುಳಿದು ಆದ ದಾರಿ, ಕಾಲುವೆ ನೋಡಿಕೊಳ್ಳಲು ನೀರಾವರಿ ಇಲಾಖೆ ಮಾಡಿಕೊಂಡ ದಾರಿ, ಹೀಗೆ ಬೇರೆ ಬೇರೆ ಕಾರಣಕ್ಕೆ ಹುಟ್ಟಿದವು. ಅವನ್ನು ಸವಾರನ ಕಣ್ಣಿನಿಂದ ನೋಡಿ ಅಳೆಯುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಹಿನ್ನೆಲೆ

ಗುಡ್ಡದ ಸೈಕಲ್ ಸವಾರಿ, ಅಂದರೆ ಮೌಂಟನ್ ಬೈಕಿಂಗ್, ಕ್ರೀಡೆಯಾಗಿ ರೂಪುಗೊಂಡದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1970ರ ದಶಕದಲ್ಲಿ ಅಲ್ಲಿನ ಮರೀನ್ ಕೌಂಟಿಯ ಯುವಕರು ಹಳೆಯ, ಗಟ್ಟಿಮುಟ್ಟಾದ ಸೈಕಲ್‌ಗಳಿಗೆ ದಪ್ಪ ಟೈರು, ಬಲವಾದ ಬ್ರೇಕು ಜೋಡಿಸಿ ಬೆಟ್ಟದ ಮಣ್ಣಿನ ದಾರಿಯಲ್ಲಿ ಇಳಿಯುವ ಪೈಪೋಟಿ ನಡೆಸಿದರು. 1990ರಲ್ಲಿ ಕೊಲರಾಡೊ ರಾಜ್ಯದ ಡುರಾಂಗೊದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕ್ರಾಸ್ ಕಂಟ್ರಿ ವಿಭಾಗಕ್ಕೆ ಸ್ಥಾನ ದೊರೆಯಿತು.

ಕರ್ನಾಟಕಕ್ಕೂ ಈ ಕ್ರೀಡೆ ಹೊಸದೇನಲ್ಲ. ಬೆಂಗಳೂರಿನ ತುರಹಳ್ಳಿ ಅರಣ್ಯದ ಬಂಡೆಗಳ ನಡುವಿನ ಹಾದಿ ಅಲ್ಲಿನ ಸವಾರರಿಗೆ ಚಿರಪರಿಚಿತ. ಗದಗ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್‌ಗೆ ಆತಿಥ್ಯ ವಹಿಸಿದೆ. ವಿಜಯಪುರ, ಬಾಗಲಕೋಟೆ, ಗದಗ ಮತ್ತು ಬೆಳಗಾವಿ ಜಿಲ್ಲೆಗಳು ರಾಜ್ಯಕ್ಕೆ ಸೈಕಲ್ ಪಟುಗಳನ್ನು ನೀಡುತ್ತಲೇ ಬಂದಿವೆ. ಈ ಭಾಗದ ಜಾತ್ರೆಗಳಲ್ಲಿ ಕುದುರೆ ಗಾಡಿ, ಎತ್ತಿನ ಗಾಡಿಗಳ ಜೊತೆಗೆ ಸೈಕಲ್ ಶರ್ಯತ್ತು ನಡೆಯುವುದು ಇಂದಿಗೂ ವಾಡಿಕೆ. ಕಾಲಿನಲ್ಲಿ ಕಸುವಿರುವ ಹುಡುಗರಿಗೆ ಇಲ್ಲಿ ಕೊರತೆಯಿಲ್ಲ. ಆದರೆ ಶರ್ಯತ್ತಿನ ಡಾಂಬರು ರಸ್ತೆ ಬೇರೆ, ಗುಡ್ಡದ ಕಾಲುದಾರಿ ಬೇರೆ. ಮೊದಲನೆಯದು ಬಲವನ್ನು ಪರೀಕ್ಷಿಸುತ್ತದೆ, ಎರಡನೆಯದು ಬಲದ ಜೊತೆಗೆ ತೋಲನ, ಕಣ್ಣಿನ ಅಂದಾಜು ಮತ್ತು ಬ್ರೇಕಿನ ಮೇಲಿನ ಹಿಡಿತವನ್ನೂ ಪರೀಕ್ಷಿಸುತ್ತದೆ.

ಬಣ್ಣದ ಲೆಕ್ಕ

ಹಾದಿಗಳನ್ನು ಕಷ್ಟದ ಪ್ರಮಾಣಕ್ಕೆ ತಕ್ಕಂತೆ ವಿಂಗಡಿಸುವ ಪದ್ಧತಿ ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕ್ರೀಡೆಯಿಂದ ಬಂದದ್ದು. 1988ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘವು ಅದನ್ನು ಸೈಕಲ್ ಹಾದಿಗೆ ಹೊಂದಿಸಿತು. ಅದರ ಪ್ರಕಾರ ಬಿಳಿ ವೃತ್ತವೆಂದರೆ ಅತಿ ಸುಲಭ, ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರಾಕೃತಿ ಕಠಿಣ, ಎರಡು ಕಪ್ಪು ವಜ್ರಾಕೃತಿ ಅತಿ ಕಠಿಣ. ಬ್ರಿಟನ್ನಿನಲ್ಲಿ ಹಸಿರು, ನೀಲಿ, ಕೆಂಪು, ಕಪ್ಪು ಎಂಬ ನಾಲ್ಕು ಹಂತಗಳು ಬಳಕೆಯಲ್ಲಿವೆ.

ಈ ಬಣ್ಣಗಳನ್ನು ಯಾರದೋ ಅಭಿಪ್ರಾಯದ ಮೇಲೆ ಹಚ್ಚುವುದಿಲ್ಲ, ಅಳತೆಯ ಮೇಲೆ ಹಚ್ಚಲಾಗುತ್ತದೆ. ನೋಡುವುದು ಮುಖ್ಯವಾಗಿ ನಾಲ್ಕು ಅಂಶಗಳನ್ನು: ಹಾದಿಯ ಅಗಲ, ನೆಲದ ಗಟ್ಟಿತನ, ಏರಿಳಿತದ ಪ್ರಮಾಣ ಮತ್ತು ದಾರಿಯಲ್ಲಿ ತಪ್ಪಿಸಲಾಗದ ಅಡೆತಡೆಗಳ ಎತ್ತರ.

ಹಸಿರು ಹಾದಿಯ ಅಗಲ ಕನಿಷ್ಠ ಸುಮಾರು 90 ಸೆಂ.ಮೀ. ಇರಬೇಕು. ಸರಾಸರಿ ಏರು ಶೇ 5ನ್ನು ಮೀರಬಾರದು. ತಪ್ಪಿಸಲಾಗದ ಕಲ್ಲು, ಬೇರುಗಳು 2 ಅಂಗುಲಕ್ಕಿಂತ ಎತ್ತರವಿರಬಾರದು. ನೀಲಿ ಹಾದಿಯಲ್ಲಿ ಅಗಲ ಸುಮಾರು 60 ಸೆಂ.ಮೀ.ಗೆ ಇಳಿಯಬಹುದು, ಸರಾಸರಿ ಏರು ಶೇ 10ರವರೆಗೆ ಹೋಗಬಹುದು, ಅಡೆತಡೆಗಳು 8 ಅಂಗುಲದವರೆಗೆ ಇರಬಹುದು. ಕಪ್ಪು ಹಾದಿಯ ಅಗಲ ಸುಮಾರು 30 ಸೆಂ.ಮೀ., ಅಂದರೆ ಒಂದು ಅಡಿ, ಇದ್ದರೂ ಸಾಕು. ಸರಾಸರಿ ಏರು ಶೇ 15ನ್ನು ಮುಟ್ಟಬಹುದು, ಅಡೆತಡೆ 15 ಅಂಗುಲದವರೆಗೆ ಇರಬಹುದು, ನೆಲ ಹೇಗಿರುತ್ತದೆ ಎಂಬ ಭರವಸೆ ಇರುವುದಿಲ್ಲ.

ಶೇಕಡಾವಾರು ಏರು ಎಂದರೇನು? ಅಡ್ಡಲಾಗಿ 100 ಮೀಟರ್ ಸಾಗುವಾಗ 10 ಮೀಟರ್ ಎತ್ತರ ಹೆಚ್ಚಾದರೆ ಅದು ಶೇ 10ರ ಏರು. ಇದನ್ನು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಮನೆ ಕಟ್ಟುವ ಗೌಂಡಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಮತ್ತು ಒಂದು ಟೇಪು ಇದ್ದರೆ ಸಾಕು. 10 ಮೀಟರ್ ಅಂತರದ ಎರಡು ಬಿಂದುಗಳ ನಡುವೆ ಮಟ್ಟದ ವ್ಯತ್ಯಾಸ ಅರ್ಧ ಮೀಟರ್ ಬಂದರೆ ಅದು ಶೇ 5, ಒಂದು ಮೀಟರ್ ಬಂದರೆ ಶೇ 10.

ಇಲ್ಲಿ ಎರಡು ಸಂಗತಿಗಳನ್ನು ನೆನಪಿಡಬೇಕು. ಮೊದಲನೆಯದು, ಹಾದಿಯ ದರ್ಜೆಯನ್ನು ಅದರ ಸುಲಭ ಭಾಗದಿಂದ ನಿರ್ಧರಿಸಲು ಬರುವುದಿಲ್ಲ. 6 ಕಿ.ಮೀ. ಸಮತಟ್ಟಾದ ದಾರಿಯ ನಡುವೆ 20 ಮೀಟರ್ ಉದ್ದದ, ಬದಿಗೆ ಸರಿಯಲು ಜಾಗವಿಲ್ಲದ ಬಂಡೆಯ ಇಳಿಜಾರಿದ್ದರೆ, ಹೊಸಬನ ಪಾಲಿಗೆ ಅದು ಕಪ್ಪು ಹಾದಿಯೇ. ಎರಡನೆಯದು, ಕಷ್ಟ ಬೇರೆ, ಅಪಾಯ ಬೇರೆ. ಕಂದರದ ಅಂಚಿನಲ್ಲಿ ಸಾಗುವ ಸಮತಟ್ಟಾದ ಬಂಡೆಯ ಮೇಲೆ ಸೈಕಲ್ ಓಡಿಸಲು ಕೌಶಲವೇ ಬೇಕಿಲ್ಲ. ಆದರೆ ಅಲ್ಲಿ ಒಮ್ಮೆ ತಪ್ಪಿದರೆ ಎರಡನೆಯ ಅವಕಾಶ ಇರುವುದಿಲ್ಲ. ಹಾದಿ ಎಷ್ಟು ಕಠಿಣ ಎಂಬ ಪ್ರಶ್ನೆಯ ಜೊತೆಗೆ, ಬಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನೂ ಕೇಳಬೇಕು. ಗೋಕಾಕ ಸೀಮೆಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯ.

ಮೂರು ತಾಲ್ಲೂಕು, ಮೂರು ನೆಲ

ಗೋಕಾಕದ ಸುತ್ತಲಿನ ಗುಡ್ಡಗಳು ಕಲಾದಗಿ ಶಿಲಾ ಸಮೂಹಕ್ಕೆ ಸೇರಿದ ಮರಳುಗಲ್ಲು ಮತ್ತು ಅದರ ಗಟ್ಟಿ ರೂಪವಾದ ಕ್ವಾರ್ಟ್‌ಜೈಟ್ ಕಲ್ಲಿನವು. ಪದರ ಪದರವಾಗಿ ಕೂತ ಈ ಕಲ್ಲು ಸವೆಯುವಾಗ ಮೆಟ್ಟಿಲುಗಳಂತೆ ಒಡೆಯುತ್ತದೆ. ಆದ್ದರಿಂದಲೇ ಇಲ್ಲಿನ ಗುಡ್ಡದ ನೆತ್ತಿ ಸಮತಟ್ಟು, ಅಂಚು ಕಡಿದಾದ ಗೋಡೆ. ಘಟಪ್ರಭಾ ನದಿ ಇಂಥದೇ ಅಂಚಿನಿಂದ ಸುಮಾರು 52 ಮೀಟರ್ ಕೆಳಗೆ ಧುಮುಕಿ ಕುದುರೆ ಲಾಳದಾಕಾರದ ಗೋಕಾಕ ಜಲಪಾತವಾಗಿದೆ.

ಗೋಕಾಕದಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ಮೂಡಲಗಿಯದು ಬಹುತೇಕ ಬಯಲು. ಎರೆ ಮಣ್ಣು, ಕಾಲುವೆ ನೀರು, ಕಬ್ಬು, ಗೋವಿನಜೋಳ. ಹುಕ್ಕೇರಿಯದು ಇವೆರಡರ ನಡುವಣ ಸ್ವರೂಪ. ಪಶ್ಚಿಮಕ್ಕೆ ಸಾಗಿದಂತೆ ನೆಲ ಅಲೆಯಲೆಯಾಗಿ ಏಳುತ್ತದೆ. ಮಡ್ಡಿ ಭೂಮಿ, ಗರಸು, ಒಂಟಿ ಗುಡ್ಡಗಳು, ನಡುವೆ ಹಿಡಕಲ್ ಜಲಾಶಯದ ವಿಸ್ತಾರವಾದ ಹಿನ್ನೀರು.

ಕುತೂಹಲದ ಸಂಗತಿಯೆಂದರೆ, ಈ ಮೂರು ಬಗೆಯ ನೆಲ ಸವಾರಿಯ ಮೂರು ಹಂತಗಳಿಗೆ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. ಮೂರೂ ಪಟ್ಟಣಗಳು ಒಂದಕ್ಕೊಂದು ಹತ್ತಿರದಲ್ಲಿರುವುದರಿಂದ ಕಲಿಯುವವನು ಒಂದು ಹಂತದಿಂದ ಇನ್ನೊಂದಕ್ಕೆ ದೂರ ಹೋಗದೆಯೇ ಏರಬಹುದು.

ಹೊಸಬರಿಗೆ: ಮೂಡಲಗಿಯ ಬಯಲು

ಮೊದಲ ಬಾರಿ ಡಾಂಬರು ಬಿಡುವವರಿಗೆ ಮೂಡಲಗಿ ಭಾಗದ ಚಕ್ಕಡಿ ದಾರಿಗಳು ಸೂಕ್ತ. ಹೊಲದಿಂದ ಹೊಲಕ್ಕೆ, ತೋಟದ ಮನೆಗಳಿಂದ ಊರಿಗೆ ಸಾಗುವ ಈ ದಾರಿಗಳು ಎರಡು ಗಾಲಿಯ ಜಾಡಿನಷ್ಟು ಅಗಲ. ಏರು ಕಡಿಮೆ. ಬಿಳಿ ಅಥವಾ ಹಸಿರು ದರ್ಜೆಗೆ ಇವು ಸಲ್ಲುತ್ತವೆ. ಗೇರ್ ಬದಲಿಸುವುದು, ಕೂತಲ್ಲಿಂದ ಎದ್ದು ಪೆಡಲ್ ಮೇಲೆ ನಿಲ್ಲುವುದು, ಸಡಿಲ ಮಣ್ಣಿನಲ್ಲಿ ತಿರುಗುವುದು, ಎರಡೂ ಬ್ರೇಕನ್ನು ಹದವಾಗಿ ಹಿಡಿಯುವುದು, ಈ ನಾಲ್ಕನ್ನು ಕಲಿಯಲು ಬೇರೆ ಜಾಗ ಹುಡುಕಬೇಕಿಲ್ಲ.

ಧೂಪದಾಳದ ಬ್ರಿಟಿಷರ ಕಾಲದ ಒಡ್ಡಿನಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆ ಈ ಸೀಮೆಯ ಜೀವನಾಡಿ. ಕಾಲುವೆಯ ಬದಿಯ ದಾರಿ ಸಮತಟ್ಟಾಗಿ, ನೇರವಾಗಿ ಸಾಗುತ್ತದೆ. ಅಳತೆಯ ಲೆಕ್ಕದಲ್ಲಿ ಇದಕ್ಕಿಂತ ಸುಲಭದ ಹಾದಿ ಇಲ್ಲ. ಆದರೆ ಬಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆ ಮೊದಲು ಎದುರಾಗುವುದೂ ಇಲ್ಲಿಯೇ. ತುಂಬಿ ಹರಿಯುವ ಕಾಲುವೆಯ ಇಳಿಜಾರು ಪಕ್ಕಗಳು ಪಾಚಿಗಟ್ಟಿ ನುಣುಪಾಗಿರುತ್ತವೆ. ಈಜು ಬಲ್ಲವನಿಗೂ ಹಿಡಿದು ಮೇಲೆ ಬರಲು ಆಸರೆ ಸಿಗುವುದಿಲ್ಲ. ಮಕ್ಕಳನ್ನು ಕಾಲುವೆ ದಂಡೆಯ ಮೇಲೆ ಕಲಿಸುವ ಬದಲು ಅದರಿಂದ ದೂರದ ಹೊಲದ ದಾರಿಗೆ ಕರೆದೊಯ್ಯುವುದು ಲೇಸು. ಕಾಲುವೆಯ ದಾರಿ ನೀರಾವರಿ ನಿಗಮದ ಸ್ವತ್ತಾದ್ದರಿಂದ ಗುಂಪಾಗಿ ಹೋಗುವವರು ಮುಂಚಿತವಾಗಿ ಕೇಳುವುದು ಒಳ್ಳೆಯದು.

ಎರೆ ಮಣ್ಣಿನ ಇನ್ನೊಂದು ಗುಣವನ್ನು ಈ ಭಾಗದ ರೈತನಿಗೆ ಹೇಳಬೇಕಾಗಿಲ್ಲ, ನಗರದಿಂದ ಬಂದವರಿಗೆ ಹೇಳಬೇಕು. ಒಂದು ಹದ ಮಳೆ ಬಿದ್ದರೆ ಸಾಕು, ಮಣ್ಣು ಅಂಟಿನಂತೆ ಟೈರಿಗೆ ಸುತ್ತಿಕೊಂಡು ಗಾಲಿ ತಿರುಗದಂತೆ ಮಾಡುತ್ತದೆ. ಬಲವಂತವಾಗಿ ತುಳಿದರೆ ಹಿಂದಿನ ಗೇರ್ ಮುರಿಯುವುದುಂಟು. ಮಳೆಯ ನಂತರ ಕನಿಷ್ಠ ಎರಡು ದಿನ ಎರೆ ದಾರಿಯನ್ನು ಬಿಡಬೇಕು. ಹಸಿ ಮಣ್ಣಿನಲ್ಲಿ ಮೂಡಿದ ಟೈರಿನ ಗೆರೆಗಳು ಒಣಗಿ ಕಲ್ಲಾಗುತ್ತವೆ. ಅದರ ತೊಂದರೆ ಮರುದಿನ ಚಕ್ಕಡಿ ಹೂಡುವ ರೈತನಿಗೆ.

ಮಧ್ಯಮ ಹಂತಕ್ಕೆ: ಹುಕ್ಕೇರಿಯ ಮಡ್ಡಿ

ಹುಕ್ಕೇರಿ ಎಂದರೆ ಆದಿಲ್‌ಶಾಹಿ ಕಾಲದ ಗುಮ್ಮಟಗಳ ಊರು. ಇಲ್ಲಿಂದ ಹಿಡಕಲ್, ಸಂಕೇಶ್ವರ, ಯಮಕನಮರಡಿ ದಿಕ್ಕಿಗೆ ಹರಡಿರುವ ಮಡ್ಡಿ ಭೂಮಿಯಲ್ಲಿ ಸವಾರನಿಗೆ ಮೊದಲ ಬಾರಿ ನಿಜವಾದ ಏರಿಳಿತ ಸಿಗುತ್ತದೆ. ಏರು ಉದ್ದವಲ್ಲ, ಆದರೆ ಒಂದರ ಹಿಂದೆ ಒಂದು ಬರುತ್ತದೆ. ಹಳ್ಳ ದಾಟಬೇಕು, ಒಡ್ಡು ಹತ್ತಬೇಕು, ಗರಸಿನ ಮೇಲೆ ಇಳಿಯಬೇಕು. ಈ ಬಗೆಯ ದಾರಿಗಳು ನೀಲಿ ಚೌಕದ ಹಂತಕ್ಕೆ ಹೊಂದುತ್ತವೆ.

ಗರಸು ಮೋಸದ ನೆಲ. ಕಡಲೆಕಾಳಿನಷ್ಟು ದಪ್ಪದ ಹರಳುಗಳು ಗಟ್ಟಿ ನೆಲದ ಮೇಲೆ ಹರಡಿಕೊಂಡಿರುತ್ತವೆ. ತಿರುವಿನಲ್ಲಿ ಮುಂದಿನ ಬ್ರೇಕನ್ನು ಗಕ್ಕನೆ ಹಿಡಿದರೆ ಮುಂಗಾಲಿ ಜಾರಿ ಸವಾರ ಬದಿಗೆ ಬೀಳುತ್ತಾನೆ. ವೇಗವನ್ನು ತಿರುವಿಗೆ ಮುಂಚೆಯೇ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಟ್ಟು ಸಾಗಬೇಕು. ಇಳಿಜಾರಿನಲ್ಲಿ ಎರಡೂ ಪೆಡಲ್ ನೆಲಕ್ಕೆ ಸಮಾನಾಂತರವಾಗಿರಲಿ, ಮೊಣಕಾಲು, ಮೊಣಕೈ ಸಡಿಲವಾಗಿ ಬಾಗಿರಲಿ, ದೇಹದ ಭಾರ ತುಸು ಹಿಂದಕ್ಕಿರಲಿ. ಸೈಕಲ್ ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದಿನ ಬ್ರೇಕಿನಲ್ಲಿದೆ. ಅದನ್ನು ಹಿಡಿಯಲು ಹೆದರಿ ಹಿಂದಿನದನ್ನೇ ಒತ್ತಿದರೆ ಗಾಲಿ ಬಿಗಿದು ಜಾರುತ್ತದೆ, ದಾರಿಯೂ ಕಿತ್ತು ಹೋಗುತ್ತದೆ. ಒಂದೊಂದೇ ಬೆರಳಿನಿಂದ ಎರಡನ್ನೂ ಹದವಾಗಿ ಹಿಡಿಯುವುದನ್ನು ಬಯಲಿನಲ್ಲಿಯೇ ಕಲಿತು ಬಂದಿರಬೇಕು.

51 ಟಿಎಂಸಿ ಅಡಿ ನೀರು ಹಿಡಿಯುವ ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯದ ಹಿನ್ನೀರಿನ ದಂಡೆ ನೋಟಕ್ಕೆ ಸೊಗಸು. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ್ದ ಹುನ್ನೂರಿನ ವಿಠ್ಠಲ ದೇವಾಲಯ ಹೊರಗೆ ಕಾಣುತ್ತದೆ. ಅದನ್ನು ನೋಡಲು ಜನ ಸೇರುತ್ತಾರೆ. ನೀರು ಸರಿದ ನೆಲ ಸೈಕಲ್ಲಿಗೆ ಹೇಳಿ ಮಾಡಿಸಿದಂತೆ ಕಂಡರೂ ಎಚ್ಚರ ಅಗತ್ಯ. ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರೂ ಕೆಳಗೆ ಹೂಳು ಹಸಿಯಾಗಿಯೇ ಇರಬಹುದು. ಗಾಲಿ ಹೂತರೆ ಸೈಕಲ್ ಬಿಟ್ಟು ಹಿಂದೆ ಸರಿಯುವುದೇ ಜಾಣತನ. ದನಕರು ನಡೆದ ಜಾಡನ್ನು ಬಿಟ್ಟು ನೀರಿನ ಕಡೆಗೆ ತಿರುಗಬಾರದು.

ಸಂಕೇಶ್ವರದ ಬಳಿ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಸಮೀಪದಲ್ಲಿರುವ ವಲ್ಲಭಗಡದ ಗುಡ್ಡ ಕೋಟೆಗೆ ಹೆಸರುವಾಸಿ. ಮಧ್ಯಮ ಹಂತದವರು ಗುಡ್ಡದ ಬುಡದವರೆಗೆ ಸೈಕಲ್ಲಿನಲ್ಲಿ ಸಾಗಿ, ಕೋಟೆಯನ್ನು ಕಾಲ್ನಡಿಗೆಯಲ್ಲಿ ಹತ್ತಿ ನೋಡುವುದು ಉಚಿತ. ಹಳೆಯ ಕೋಟೆಯ ಸಡಿಲ ಕಲ್ಲುಗಳ ನಡುವೆ ಸೈಕಲ್ ಇಳಿಸುವುದು ಸವಾರನಿಗೂ ಕೋಟೆಗೂ ಒಳ್ಳೆಯದಲ್ಲ.

ನುರಿತವರಿಗೆ: ಗೋಕಾಕದ ಕಲ್ಲು

ಗೋಕಾಕದ ಮರಳುಗಲ್ಲಿನ ಗುಡ್ಡಗಳು ಕಪ್ಪು ದರ್ಜೆಯವು. ಒಂದು ಅಡಿ ಅಗಲದ ಕುರಿ ಜಾಡು, ಮೊಣಕಾಲೆತ್ತರದ ಕಲ್ಲಿನ ಮೆಟ್ಟಿಲು, ಜಾಲಿಯ ಮುಳ್ಳು, ಎರಡು ಬಂಡೆಗಳ ನಡುವೆ ಹ್ಯಾಂಡಲ್ ಮಾತ್ರ ತೂರುವಷ್ಟು ಸಂದು. ಒಣಗಿದ ಮರಳುಗಲ್ಲಿನ ಮೇಲೆ ರಬ್ಬರು ಚೆನ್ನಾಗಿ ಹಿಡಿಯುತ್ತದೆ. ನುರಿತ ಸವಾರರಿಗೆ ಇದು ಇಷ್ಟದ ನೆಲ. ಆದರೆ ಕಲ್ಲಿನ ಮೇಲೆ ಉದುರು ಮರಳು ಹರಡಿದ್ದ ಕಡೆ, ಇಲ್ಲವೆ ಪಾಚಿ ಕಟ್ಟಿದ ಕಡೆ, ಅದೇ ಕಲ್ಲು ಎಣ್ಣೆ ಸುರಿದಂತಾಗುತ್ತದೆ.

ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ: ನಡೆದು ನೋಡದ ಇಳಿಜಾರನ್ನು ಸೈಕಲ್ಲಿನಲ್ಲಿ ಇಳಿಯಬಾರದು. ವಿಶ್ವಮಟ್ಟದ ಸ್ಪರ್ಧಿಗಳೂ ಪಂದ್ಯಕ್ಕೆ ಮುನ್ನ ಹಾದಿಯನ್ನು ಕಾಲ್ನಡಿಗೆಯಲ್ಲಿ ನೋಡುತ್ತಾರೆ. ಮೆಟ್ಟಿಲಿನಾಚೆ ಏನಿದೆ, ನಿಲ್ಲಲು ಎಷ್ಟು ಜಾಗವಿದೆ, ತಪ್ಪಿದರೆ ಬೀಳುವುದು ಎಲ್ಲಿಗೆ ಎಂಬ ಮೂರಕ್ಕೂ ಉತ್ತರ ಸಿಕ್ಕ ಮೇಲೆಯೇ ಸೈಕಲ್ ಏರಬೇಕು.

ಗುಡ್ಡವೂ ಸ್ಥಿರವೆಂದು ನಂಬುವಂತಿಲ್ಲ. 2019ರ ಆಗಸ್ಟ್‌ನ ಪ್ರವಾಹದಲ್ಲಿ ಗೋಕಾಕ ನಗರ ಜಲಾವೃತವಾದದ್ದು ಎಲ್ಲರಿಗೂ ನೆನಪಿದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಳೆಯಿಂದ ಮಣ್ಣು ಸಡಿಲವಾಗಿ, ನಗರದ ನೆತ್ತಿಯ ಮೇಲಿರುವ ಮಲ್ಲಿಕಾರ್ಜುನ ಗುಡ್ಡದ ಭಾರಿ ಬಂಡೆಗಳು ಉರುಳುವ ಭೀತಿ ಎದುರಾಯಿತು. ಕೆಳಗಿನ ನಿವಾಸಿಗಳು ಆತಂಕಗೊಂಡರು. ಆಡಳಿತವು ತಜ್ಞರ ನೆರವು ಪಡೆಯಬೇಕಾಯಿತು. ದಶಕಗಳಿಂದ ಅಲುಗದೆ ನಿಂತ ಬಂಡೆಯೂ ಬುಡದ ಮಣ್ಣು ಹೋದರೆ ಸರಿಯುತ್ತದೆ ಎಂಬ ಪಾಠ ಅದರಲ್ಲಿದೆ. ಮಳೆಗಾಲದ ನಂತರದ ಮೊದಲ ವಾರಗಳಲ್ಲಿ, ಹಿಂದಿನ ವರ್ಷ ಸವಾರಿ ಮಾಡಿದ ದಾರಿಯನ್ನೂ ಹೊಸ ದಾರಿಯೆಂದೇ ಭಾವಿಸಿ ನಡೆದು ನೋಡಬೇಕು.

ಯಾರೂ ಹೋಗಬಾರದ ಕಡೆ

ಗೋಕಾಕ ಜಲಪಾತ ನಗರದಿಂದ ಸುಮಾರು 6 ಕಿ.ಮೀ. ದೂರದಲ್ಲಿದೆ. ಸುಮಾರು 200 ಮೀಟರ್ ಉದ್ದದ ತೂಗುಸೇತುವೆ, ಚಾಲುಕ್ಯ ಶೈಲಿಯ ದೇವಾಲಯ, ಹಳೆಯ ಗಿರಣಿ ಇಲ್ಲಿನ ಆಕರ್ಷಣೆ. ಜಲಪಾತದ ನೆತ್ತಿಯ ಬಂಡೆ ವಿಶಾಲವಾಗಿ, ಸಮತಟ್ಟಾಗಿ ಹರಡಿಕೊಂಡಿದೆ. ಕಣ್ಣಿಗೆ ಅದು ಆಟದ ಮೈದಾನ. ಮಳೆಗಾಲದಲ್ಲಿ ಅಂಚಿಗೆ ಹೋಗಿ ಜಾರಿ ಬಿದ್ದು ಪ್ರವಾಸಿಗರು ಪ್ರಾಣ ಕಳೆದುಕೊಂಡ ದುರ್ಘಟನೆಗಳು ಇಲ್ಲಿ ಮತ್ತೆ ಮತ್ತೆ ನಡೆದಿವೆ. ಗೋಕಾಕದಿಂದ ಸುಮಾರು 15 ಕಿ.ಮೀ. ದೂರದಲ್ಲಿ, ಮಾರ್ಕಂಡೇಯ ನದಿ ಎರಡು ಹಂತಗಳಲ್ಲಿ ಧುಮುಕುವ ಗೊಡಚಿನಮಲ್ಕಿಗೂ ಇದೇ ಮಾತು ಅನ್ವಯಿಸುತ್ತದೆ.

ಈ ಎರಡೂ ಜಾಗಗಳಲ್ಲಿ ಬಂಡೆಯ ಮೇಲೆ ಸೈಕಲ್ ಓಡಿಸುವುದು ಅಳತೆಯ ಪ್ರಕಾರ ಸುಲಭ, ಪರಿಣಾಮದ ಪ್ರಕಾರ ಪ್ರಾಣಾಂತಿಕ. ಮೇಲಿನ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ಮಳೆ ಇಲ್ಲದ ದಿನವೂ ಹರಿವು ಏರಬಹುದು. ಘಟಪ್ರಭಾ ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ. ಗೋಕಾಕದ ಆಕಾಶ ನೋಡಿ ನದಿಯನ್ನು ಅಂದಾಜು ಮಾಡಲಾಗದು. ಜಲಪಾತಕ್ಕೆ ಸೈಕಲ್ಲಿನಲ್ಲಿ ಹೋಗುವವರು ರಸ್ತೆಯಲ್ಲಿ ಹೋಗಿ, ಸೈಕಲ್ ನಿಲ್ಲಿಸಿ, ತಡೆಬೇಲಿಯ ಈಚೆ ನಿಂತು ನೋಡಿ ಮರಳಬೇಕು. ಇದಕ್ಕೆ ಯಾವ ಹಂತದ ಸವಾರನೂ ಹೊರತಲ್ಲ.

ಮೂರನೆಯ ನಿಷೇಧ ಬೇರೆ ಬಗೆಯದು. ಧೂಪದಾಳದ ಹಿನ್ನೀರನ್ನು ಒಳಗೊಂಡ ಘಟಪ್ರಭಾ ಪಕ್ಷಿಧಾಮಕ್ಕೆ ಚಳಿಗಾಲದಲ್ಲಿ ದೂರದ ದೇಶಗಳಿಂದ ಕೊಕ್ಕರೆ, ಕ್ರೌಂಚಗಳು ವಲಸೆ ಬರುತ್ತವೆ. ಸವಾರಿಗೆ ಹಿತವಾದ ಕಾಲವೂ ಅದೇ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅಭಯಧಾಮಕ್ಕೆ ಅನುಮತಿಯಿಲ್ಲದೆ ಪ್ರವೇಶವಿಲ್ಲ. ಮೀಸಲು ಅರಣ್ಯಕ್ಕೆ ಕರ್ನಾಟಕ ಅರಣ್ಯ ಕಾಯ್ದೆ 1963ರ ನಿರ್ಬಂಧಗಳಿವೆ. ಗೋಕಾಕದ ಗುಡ್ಡಗಳಲ್ಲಿ ಅರಣ್ಯ ಇಲಾಖೆಯ ಗಡಿ ಎಲ್ಲಿ ಮುಗಿಯುತ್ತದೆ, ಗೋಮಾಳ ಎಲ್ಲಿ ಆರಂಭವಾಗುತ್ತದೆ ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ ಹೋಗುವುದೇ ಸರಿಯಾದ ದಾರಿ.

ಕಾಲ ಮತ್ತು ಸಲಕರಣೆ

ನವೆಂಬರ್‌ನಿಂದ ಫೆಬ್ರುವರಿವರೆಗೆ ಸವಾರಿಗೆ ಅತ್ಯುತ್ತಮ ಸಮಯ. ಆದರೆ ಇದು ಕಬ್ಬು ಕಟಾವಿನ ಕಾಲವೂ ಹೌದು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಹಗಲಿರುಳು ಸಕ್ಕರೆ ಕಾರ್ಖಾನೆಗಳತ್ತ ಸಾಗುತ್ತವೆ. ಹೊಲದ ದಾರಿಯ ತಿರುವಿನಲ್ಲಿ ಅವು ಎದುರಾದರೆ ಸರಿಯಲು ಜಾಗವಿರುವುದಿಲ್ಲ. ನಸುಕಿನಲ್ಲಿ ಹೊರಡುವವರು ಮುಂದೆ ಹಿಂದೆ ದೀಪ ಹಾಕಿಕೊಳ್ಳಬೇಕು. ಮಾರ್ಚ್‌ನಿಂದ ಬಿಸಿಲು ಬಿರುಸಾಗುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ 9ರೊಳಗೆ ಗುಡ್ಡ ಬಿಟ್ಟಿರಬೇಕು. ಗಂಟೆಗೆ ಅರ್ಧ ಲೀಟರಿಗಿಂತ ಕಡಿಮೆ ನೀರು ಇಟ್ಟುಕೊಳ್ಳಬಾರದು. ಗುಡ್ಡದ ಮೇಲೆ ನೀರು ಸಿಗುತ್ತದೆಂದು ನಂಬಿ ಹೋಗಬಾರದು.

ಸೈಕಲ್ ಬಗ್ಗೆ ಹೇಳುವುದಾದರೆ, ಮುಂಭಾಗದಲ್ಲಿ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಮಾದರಿ ಹಸಿರು, ನೀಲಿ ಹಾದಿಗಳಿಗೆ ಸಾಕು. ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್ ಕಲ್ಲಿನ ಹಾದಿಯಲ್ಲಿ ಅನುಕೂಲ, ಆದರೆ ಬೆಲೆಯೂ ತೂಕವೂ ಹೆಚ್ಚು. ಅಗ್ಗದ ಸೈಕಲ್‌ಗಳಲ್ಲಿ ಹಿಂಭಾಗಕ್ಕೆ ತೋರಿಕೆಗೆ ಹಾಕಿದ ಸ್ಪ್ರಿಂಗ್ ನಂಬಿ ಗುಡ್ಡ ಇಳಿಯುವುದು ಅಪಾಯ. ಆ ಹಣವನ್ನು ಒಳ್ಳೆಯ ಡಿಸ್ಕ್ ಬ್ರೇಕಿಗೆ ಹಾಕುವುದು ಮೇಲು. ಟೈರಿನ ಅಗಲ 2 ಅಂಗುಲಕ್ಕಿಂತ ಹೆಚ್ಚಿರಲಿ. ಗಾಳಿಯನ್ನು ರಸ್ತೆಯ ಸೈಕಲ್ಲಿನಂತೆ ಗಟ್ಟಿಯಾಗಿ ತುಂಬಿದರೆ ಗರಸಿನ ಮೇಲೆ ಹಿಡಿತ ತಪ್ಪುತ್ತದೆ.

ಈ ಸೀಮೆಯ ದೊಡ್ಡ ಶತ್ರು ಜಾಲಿ ಮುಳ್ಳು. ಟ್ಯೂಬ್ ಇಲ್ಲದ ಟೈರಿನೊಳಗೆ ಹಾಕುವ ಸೀಲಂಟ್ ದ್ರವ ಸಣ್ಣ ರಂಧ್ರಗಳನ್ನು ತಾನೇ ಮುಚ್ಚುತ್ತದೆ. ಅದಿಲ್ಲದವರು ಎರಡು ಟ್ಯೂಬ್, ಪಂಪು, ಪಂಕ್ಚರ್ ತೇಪೆ ಇಟ್ಟುಕೊಂಡಿರಬೇಕು. ಹೆಲ್ಮೆಟ್, ಕೈಗವಸು ಎಲ್ಲ ಹಂತಕ್ಕೂ ಕಡ್ಡಾಯ. ಕಪ್ಪು ಹಾದಿಗೆ ಮೊಣಕಾಲು, ಮೊಣಕೈ ರಕ್ಷಾಪಟ್ಟಿಯೂ ಬೇಕು. ಕಲ್ಲಿನ ಸಂದುಗಳಲ್ಲಿ ವಿಷದ ಹಾವುಗಳಿರುವುದರಿಂದ ನೋಡದೆ ಕೈಯೂರಬಾರದು, ಕೂರಬಾರದು. ಒಬ್ಬರೇ ಹೋಗಬಾರದು. ಮೂವರಿದ್ದರೆ ಒಬ್ಬನಿಗೆ ಪೆಟ್ಟಾದಾಗ ಇನ್ನೊಬ್ಬ ಜೊತೆಗಿದ್ದು, ಮೂರನೆಯವನು ನೆರವು ಕರೆತರಬಹುದು. ಕಣಿವೆಯಲ್ಲಿ ಮೊಬೈಲ್ ಸಂಕೇತ ಸಿಗದಿರುವ ಸಂಭವವಿದೆ. ಸಿಕ್ಕಲ್ಲಿಂದ 108ಕ್ಕೆ ಕರೆ ಮಾಡುವಾಗ ಹತ್ತಿರದ ಊರು, ಗುಡಿಯ ಹೆಸರು ಹೇಳಲು ತಿಳಿದಿರಬೇಕು.

ದಾರಿ ಕಟ್ಟುವುದೂ ಒಂದು ವಿದ್ಯೆ

ಗುಡ್ಡದ ದಾರಿಯನ್ನು ಹಾಳುಮಾಡುವುದು ಹೆಚ್ಚಾಗಿ ಗಾಲಿಯಲ್ಲ, ನೀರು. ಇಳಿಜಾರಿಗೆ ನೇರವಾಗಿ ಸಾಗುವ ಕಾಲುದಾರಿ ಮಳೆ ನೀರಿಗೆ ಸಿದ್ಧ ಕಾಲುವೆಯಾಗುತ್ತದೆ. ಎರಡು ಮೂರು ಮಳೆಗಾಲಗಳಲ್ಲಿ ಅದು ಕೊರಕಲಾಗಿ, ಜನ ಪಕ್ಕದಲ್ಲಿ ಇನ್ನೊಂದು ದಾರಿ ತುಳಿಯುತ್ತಾರೆ. ಹೀಗೆ ಗುಡ್ಡದ ಮೈತುಂಬ ಗಾಯಗಳಾಗುತ್ತವೆ. ಇದಕ್ಕೆ ಹಾದಿ ಕಟ್ಟುವವರು ಅನುಸರಿಸುವ ಸರಳ ಸೂತ್ರವಿದೆ: ದಾರಿಯ ಏರು ಗುಡ್ಡದ ಮೈಯ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು. ಗುಡ್ಡದ ಇಳಿಜಾರು ಶೇ 16 ಇದ್ದರೆ ದಾರಿ ಶೇ 8ನ್ನು ಮೀರಬಾರದು. ಜೊತೆಗೆ ಒಟ್ಟು ದಾರಿಯ ಸರಾಸರಿ ಏರು ಶೇ 10ರೊಳಗಿರಬೇಕು, ದಾರಿಯ ಮೈ ಹೊರಬದಿಗೆ ತುಸು ಬಾಗಿರಬೇಕು, ಅಲ್ಲಲ್ಲಿ ಸಣ್ಣ ತಗ್ಗು ಬಿಟ್ಟು ನೀರು ಹೊರಗೆ ಹೋಗಲು ಬಿಡಬೇಕು. ಹೊಲಕ್ಕೆ ಒಡ್ಡು ಹಾಕಿ ಬಲ್ಲ ಈ ಭಾಗದ ರೈತರಿಗೆ ಈ ತರ್ಕ ಹೊಸದಲ್ಲ.

ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕೋಯ್ಡ್ ಇ ಬ್ರೆನಿನ್ ಅರಣ್ಯದಲ್ಲಿ 1990ರ ದಶಕದಲ್ಲಿ ದರ್ಜೆ ಗುರುತಿಸಿದ ಸೈಕಲ್ ಹಾದಿಗಳನ್ನು ಕಟ್ಟಲಾಯಿತು. ಅಲ್ಲಿ ಅರಣ್ಯದ ಹೊಣೆ ಹೊತ್ತವರೇ ಮುಂದೆ ನಿಂತರು. ಸವಾರರು ಎಲ್ಲಿ ಬೇಕಾದಲ್ಲಿ ತಿರುಗುವುದು ತಪ್ಪಿತು. ಸುತ್ತಲಿನ ಊರುಗಳಿಗೆ ಪ್ರವಾಸಿಗರಿಂದ ಆದಾಯ ಬಂತು. ದಾರಿ ಗುರುತಿಸುವುದೆಂದರೆ ಕಾಡಿಗೆ ಜನರನ್ನು ನುಗ್ಗಿಸುವುದಲ್ಲ, ಜನರನ್ನು ಒಂದು ಗೆರೆಗೆ ತರುವುದು ಎಂಬುದು ಆ ಅನುಭವದ ಸಾರ.

ಮುಂದೇನು?

ಗೋಕಾಕ ಸೀಮೆಯಲ್ಲಿ ಇದಕ್ಕೆ ದೊಡ್ಡ ಯೋಜನೆಯ ಅಗತ್ಯವಿಲ್ಲ. ಗೋಮಾಳ, ಅರಣ್ಯ, ಕಾಲುವೆ, ಖಾಸಗಿ ಹೊಲ, ಇವುಗಳಲ್ಲಿ ಯಾವುದು ಯಾರದು ಎಂಬುದನ್ನು ಕಂದಾಯ ನಕ್ಷೆಯಿಂದ ಗುರುತಿಸಬೇಕು. ಹೊಲದ ಮಾಲೀಕರು ಮತ್ತು ಗ್ರಾಮ ಪಂಚಾಯಿತಿ ಒಪ್ಪಿದ ಕಡೆ ಮಾತ್ರ ಹಾದಿ ಸಾಗಬೇಕು. ನಂತರ ಟೇಪು, ನೀರಿನ ಪೈಪು ಹಿಡಿದು ಅಳೆದು, ಕಲ್ಲಿನ ಮೇಲೆ ಬಣ್ಣದ ಗುರುತು ಹಾಕಬೇಕು. ಕಷ್ಟಕ್ಕೆ ಒಂದು ಗುರುತು, ಅಪಾಯಕ್ಕೆ ಇನ್ನೊಂದು. ಕಂದರದ ಅಂಚು, ಕಾಲುವೆಯ ದಂಡೆ, ಸಡಿಲ ಬಂಡೆ ಇರುವ ಕಡೆ ಬರಹ ಓದಲು ಬಾರದವರಿಗೂ ತಿಳಿಯುವಂಥ ಫಲಕವಿರಬೇಕು.

ತಲುಪುವುದಕ್ಕೂ ತೊಂದರೆಯಿಲ್ಲ. ಮೀರಜ್–ಬೆಳಗಾವಿ ರೈಲು ಮಾರ್ಗದಲ್ಲಿ ಘಟಪ್ರಭಾ, ಗೋಕಾಕ ರೋಡ್, ಪಾಚ್ಛಾಪುರ ನಿಲ್ದಾಣಗಳಿವೆ. ಹುಕ್ಕೇರಿ ತಾಲ್ಲೂಕು ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಇದೆ. ಊಟ, ವಸತಿ, ಸೈಕಲ್ ದುರಸ್ತಿ, ದಾರಿ ತೋರುವ ಕೆಲಸಗಳಿಂದ ಸ್ಥಳೀಯರಿಗೆ ನಾಲ್ಕು ಕಾಸು ಸಿಗಬಹುದು.

ಆದರೆ ಮೊದಲ ಲಾಭ ಪ್ರವಾಸಿಗರದಾಗಬೇಕಿಲ್ಲ. ಜಾತ್ರೆಯ ಶರ್ಯತ್ತಿನಲ್ಲಿ ಗೆದ್ದು ಬರುವ ಹಳ್ಳಿಯ ಹುಡುಗ, ಹುಡುಗಿಯರಿಗೆ ಗುಡ್ಡದ ಸವಾರಿ ರಾಷ್ಟ್ರೀಯ ಪಂದ್ಯಗಳ ಬಾಗಿಲು ತೆರೆಯಬಲ್ಲದು. ಅವರು ಇಂದು ಕಲಿಯುತ್ತಿರುವುದು ಬಿದ್ದು, ಎದ್ದು. ಮೂಡಲಗಿಯ ಬಯಲಿನಲ್ಲಿ ಬ್ರೇಕು, ಹುಕ್ಕೇರಿಯ ಮಡ್ಡಿಯಲ್ಲಿ ಇಳಿಜಾರು, ಗೋಕಾಕದ ಕಲ್ಲಿನಲ್ಲಿ ಮೆಟ್ಟಿಲು ಎಂಬ ಕ್ರಮದಲ್ಲಿ ಕಲಿತರೆ ಬೀಳುವುದು ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಈ ಗುಡ್ಡಗಳಿಗೆ ಸೈಕಲ್ ಒಯ್ಯುವವರು ತಮ್ಮ ಹಂತವನ್ನು ತಾವೇ ಪ್ರಾಮಾಣಿಕವಾಗಿ ಅಳೆದುಕೊಂಡು, ಅನುಮಾನವಿದ್ದ ಕಡೆ ಇಳಿದು ಸೈಕಲ್ ತಳ್ಳಿಕೊಂಡು ನಡೆಯುವುದೇ ಕ್ಷೇಮ.